ಇಳಿಸಿದ ಫ್ಲೆಕ್ಸು

"ಅಕ್ಕಾ, ಇಳೀರಿ. ಬಿದ್ದಗಿದ್ದೀರಿ. ಕತ್ತಲಾದ ಮ್ಯಾಲ ನಾವು ಹುಡುಗ್ರೇ ಬಿಚ್ಕೊಂಡು ಒಯ್ತೀವಿ," ಎಂದು ಸಂಜೀವ ಏಣಿಯ ಬುಡ ಹಿಡಿದು ಬೇಡಿಕೊಳ್ಳುತ್ತಿದ್ದ.

"ಹಾಕೋವಾಗ ಹಗಲೊತ್ತು ಪಟಾಕಿ ಹೊಡದು ಹಾಕೀರಿ. ಬಿಚ್ಚಾಕ ಯಾಕ ಕಳ್ಳತನ?" ಎಂದಳು ಯಶೋಧರಾ, ಮೇಲಿನಿಂದಲೇ.

ಕಾನಹೊಸಹಳ್ಳಿ ಬಸ್‌ಸ್ಟ್ಯಾಂಡು, ಬೆಳಗಿನ ಎಂಟರ ಹೊತ್ತು. ಕೂಡ್ಲಿಗಿ ಬಸ್ಸಿಗೆ ಕಾಯುತ್ತಿದ್ದವರೆಲ್ಲ ಬಸ್ಸು ಮರೆತು ತಲೆ ಎತ್ತಿದ್ದರು. ಎರಡು ಕಂಬಗಳ ನಡುವಿನ ಫ್ಲೆಕ್ಸಿನಲ್ಲಿ ಅವಳದೇ ಮುಖ, ಫೋಟೊದವನ ಕೃಪೆಯಿಂದ ಎರಡು ಪಟ್ಟು ಬೆಳ್ಳಗಾಗಿ ನಗುತ್ತಿತ್ತು. ಕೆಳಗೆ ಮೊಳದುದ್ದದ ಕೆಂಪಕ್ಷರ: 'ತಹಶೀಲ್ದಾರ್ ಯಶೋಧರಾ ಮೇಡಂ ಅವರಿಗೆ ಅಭಿನಂದನೆಗಳು.' ಕೆಎಎಸ್ ಪರೀಕ್ಷೆಯ ಸಂದರ್ಶನದ ಪಟ್ಟಿಯಲ್ಲಿ ಅವಳ ಹೆಸರು ಬಂದದ್ದೇ ತಡ, ಕೇರಿಯ ಯುವಕ ಸಂಘದ ಸಂಜೀವನಿಗೆ ತಡೆಯಲಾಗಿರಲಿಲ್ಲ. ಇನ್ನೇನು ಆಗಿಯೇ ಹೋಯಿತೆಂದು ಹಾಕಿಸಿಬಿಟ್ಟಿದ್ದ. ನಿನ್ನೆ ಕೊನೆಯ ಪಟ್ಟಿ ಬಂತು. ಅದರಲ್ಲಿ ಅವಳಿರಲಿಲ್ಲ. ಇದು ಮೂರನೆಯ ಸಲ.

ಅಷ್ಟರಲ್ಲಿ ಅವಳಪ್ಪ ಸುಂಕಪ್ಪ ಏದುಸಿರು ಬಿಡುತ್ತ ಬಂದ. ಕೂಡ್ಲಿಗಿಯ ತಾಲೂಕು ಕಚೇರಿಯಲ್ಲಿ ಮೂವತ್ತೊಂದು ವರ್ಷ ಜವಾನನಾಗಿ, ತಹಶೀಲ್ದಾರರ ಬಾಗಿಲ ಹೊರಗೆ ನಿಂತೇ ನಿವೃತ್ತನಾದವನು. ಗಂಟೆ ಬಾರಿಸಿದರೆ ಒಳಗೆ ಓಡಬೇಕು, ಬಾರಿಸದಿದ್ದರೆ ನಿಂತಿರಬೇಕು. ಆ ಬಾಗಿಲ ಒಳಗೆ ಮಗಳನ್ನು ಕೂರಿಸಿಯೇ ಸಾಯಬೇಕೆಂಬುದು ಅವನ ಹಟ.

"ಬಿಚ್ಚಬ್ಯಾಡ ಯವ್ವಾ, ಇರ್ಲಿ ಬಿಡು. ಇನ್ನೊಂದ್ ಸಲ ಪರೀಕ್ಷೆ ಕಟ್ಟು, ವಯಸ್ಸು ಇನ್ನೂ ಐತಿ. ಕೇಳಿದೋರಿಗೆ ಆರ್ಡರ್ ಬರೋದು ಬಾಕಿ ಐತಿ ಅಂದ್ರಾತು."

"ಎಷ್ಟ್ ದಿನ ಹಂಗ ಅನ್ನಾದಪ್ಪಾ?"

"ಆಗೋಮಟ."

ಯಶೋಧರಾಳಿಗೆ ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. ಆ ಕುರ್ಚಿ ಅವಳಿಗೆ ಬೇಡವಾಗಿತ್ತೆಂದಲ್ಲ. ಬೇಕೇ ಬೇಕಾಗಿತ್ತು. ಅದಕ್ಕೆಂದೇ ತಾನು ಟೀಚರಾಗಿದ್ದ ಪಕ್ಕದ ಹಳ್ಳಿಯ ಶಾಲೆಗೆ ಎರಡು ವರ್ಷ ಸಂಬಳವಿಲ್ಲದ ರಜೆ ಹಾಕಿ ಧಾರವಾಡದಲ್ಲಿ ಕೂತು ಓದಿದ್ದಳು. ಹೋದ ವಾರ ರಜೆ ಮುಂದುವರಿಸುವ ಅರ್ಜಿ ಹಿಡಿದು ಶಾಲೆಗೆ ಹೋದಾಗ, ಐದು ತರಗತಿಗಳ ನಡುವೆ ಗೀತಮ್ಮ ಟೀಚರ್ ಒಬ್ಬರೇ ಒದ್ದಾಡುತ್ತಿದ್ದರು. ನಾಲ್ಕನೆಯ ತರಗತಿಯ ರೇಣುಕಾ ಓಡಿ ಬಂದು ಕೈ ಹಿಡಿದಳು. ಯಶೋಧರಾ ಅಕ್ಷರ ತಿದ್ದಿಸಿ ಬರೆಸಿದ ಹುಡುಗಿ ಅವಳು. ಆಗ ಗೋಡೆಯ ಮೇಲೆಲ್ಲ ತನ್ನ ಹೆಸರು ಗೀಚಿ ಬೈಸಿಕೊಂಡವಳು. ಈಗ ಪುಸ್ತಕ ಕೊಟ್ಟರೆ ಎರಡಕ್ಷರ ಓದಿ ತಲೆ ತಗ್ಗಿಸಿದಳು. "ಮರ್ತೋಗೈತ್ರಿ ಮಿಸ್."

ಯಶೋಧರಾ ಅರ್ಜಿ ಕೊಡದೆ ಬಂದಿದ್ದಳು. ನಿನ್ನೆಯ ಪಟ್ಟಿಗಿಂತ ಆ ಮಾತೇ ಅವಳನ್ನು ಹೆಚ್ಚು ಚುಚ್ಚಿತ್ತು.

ಕೊನೆಯ ಗಂಟು ಬಿಚ್ಚಿದ್ದೇ ಫ್ಲೆಕ್ಸು ದೊಪ್ಪನೆ ಬಿತ್ತು. ಗುಂಪಿನಿಂದ ಯಾರೋ ಕೇಳಿದರು, "ಯಾಕ್ರಿ ಮೇಡಂ, ಆರ್ಡರ್ ಬಂತೇನ್ರಿ?"

"ಇಲ್ರಿ! ನಾಪಾಸು!" ಎಂದಳು, ಬಸ್‌ಸ್ಟ್ಯಾಂಡಿಗೆಲ್ಲ ಕೇಳುವ ಹಾಗೆ.

ಸುಂಕಪ್ಪ ಮುಖ ತಗ್ಗಿಸಿದ. ಅವಳು ಇಳಿದು ಬಂದು ಅವನೆದುರು ನಿಂತಳು.

"ಅಪ್ಪಾ, ನಾ ಮನಸಿಟ್ಟು ಓದಿ ಸೋತೀನಿ. ಸೋತೀನಿ ಅನ್ನಾಕ ನನಗೇನು ನಾಚಿಕಿಲ್ಲ. ಸೋತಿಲ್ಲ ಅಂತ ಊರ ಮುಂದ ನಾಟಕ ಆಡಾದು ಮಾತ್ರ ನನ್ನ ಕೈಲಿ ಆಗಲ್ಲ. ರಜಾ ಮುಗೀತು, ಸಾಲಿಗೆ ಹೊಂಟೀನಿ. ಇನ್ನೊಂದ್ ಸಲ ಅನ್ನಾದು ಇಲ್ಲ."

"ಮತ್ತ ನಾ ಅಷ್ಟು ವರ್ಷ ನಿಂತಿದ್ದು?"

ಅವಳು ಫ್ಲೆಕ್ಸನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಆಟೊ ಹತ್ತಿದಳು.

ಶಾಲೆಯ ನೆಲ ಅಲ್ಲಲ್ಲಿ ಕಿತ್ತು ಹೋಗಿತ್ತು. ಮಕ್ಕಳು ಗೊಬ್ಬರದ ಚೀಲ ಹಾಸಿಕೊಂಡು ಕೂರುತ್ತಿದ್ದರು. ಅವಳು ಫ್ಲೆಕ್ಸನ್ನು ಮುಖ ಮೇಲಾಗಿಯೇ ಹಾಸಿದಳು. ಮಕ್ಕಳು ಅಂಚಿನಲ್ಲೇ ನಿಂತರು.

"ನಿಮ್ಮ ಮುಖದ ಮ್ಯಾಲ ಹೆಂಗ ಕುಂದ್ರಾದ್ರಿ ಮಿಸ್?" ಎಂದಳು ರೇಣುಕಾ.

"ಅಷ್ಟು ಬೆಳ್ಳಗ ನಾ ಎಲ್ಲಿದೀನಿ? ಅದು ಯಾರದೋ ಮುಖ, ಕುಂದ್ರು. ಈ ಕೆಂಪು ಅಕ್ಷರ ಓದು ನೋಡಾಣ."

ರೇಣುಕಾ ಮಂಡಿಯೂರಿ ಬೆರಳಿಟ್ಟಳು. "ತ... ಹ..."

ಬಾಗಿಲಲ್ಲಿ ನೆರಳು ಬಿತ್ತು. ಬುತ್ತಿ ಡಬ್ಬಿ ಹಿಡಿದ ಸುಂಕಪ್ಪ ಚಪ್ಪಲಿ ಬಿಟ್ಟು, ಹೊಸ್ತಿಲ ಹೊರಗೆ ಗೋಡೆಗೆ ಒತ್ತಿಕೊಂಡು ನಿಂತಿದ್ದ. ಹಾಗೆ ನಿಲ್ಲುವುದು ಅವನಿಗೆ ರೂಢಿ. ಮುಖ ಇನ್ನೂ ಬಿಗಿದೇ ಇತ್ತು.

"ಡಬ್ಬಿ ಬಿಟ್ಟು ಬಂದಿ. ನಿಮ್ಮವ್ವ ಕೊಟ್ಲು, ತಗಾ."

"ಒಳಗ ಬಂದು ಕೊಡು."

"ಇಲ್ಲೇ ತಗಾ ಅಂದ್ರ."

"ಬಾಗಿಲ ಹೊರಗ ನಿಂತೋರ ಕೈಯಾಗ ನಾ ಏನೂ ಇಸ್ಕೊಳ್ಳಲ್ಲ ಅಪ್ಪಾ. ಒಳಗ ಬಾ."

ಸುಂಕಪ್ಪ ಡಬ್ಬಿಯನ್ನು ಕೈ ಬದಲಿಸಿ ಹಿಡಿದ. ಆಮೇಲೆ ಹೊಸ್ತಿಲು ದಾಟಿದ. ಇದ್ದ ಒಂದೇ ಕುರ್ಚಿಯನ್ನು ಮಗಳು ಫ್ಲೆಕ್ಸಿನ ಅಂಚಿಗೆ ಎಳೆದು ಹಾಕಿದಳು. ಅವನು ಕುರ್ಚಿಯ ತುದಿಯಲ್ಲಿ ಕೂತು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡ.

"ತ... ಹ... ಶೀ..." ರೇಣುಕಾಳ ಬೆರಳು ತಡೆಯಿತು. "ಅಜ್ಜಾ, ಮುಂದಿನ ಅಕ್ಷರ ನಿಮ್ಮ ಕಾಲ ಕೆಳಗೈತ್ರಿ."

ಸುಂಕಪ್ಪ ಎರಡೂ ಕಾಲು ಎತ್ತಿ ಹಿಡಿದು, ಅವಳು ಓದಿ ಮುಗಿಸುವವರೆಗೂ ಹಾಗೇ ಕೂತಿದ್ದ.