ಮಾವನ ಬೆಕ್ಕು, ಅಳಿಯನ ತೊಡೆ

ಮಗಳನ್ನು ಕೊಟ್ಟಿದ್ದಾಯಿತು, ಅದು ಲೋಕರೂಢಿ. ಬೆಕ್ಕನ್ನೂ ಕೊಡಬೇಕೆಂದು ಯಾವ ಶಾಸ್ತ್ರದಲ್ಲಿ ಬರೆದಿದೆ ಎಂಬುದೇ ಗಡಿಯಾರ ರಿಪೇರಿಯ ಮುದುಕನ ಪ್ರಶ್ನೆ. ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ಜೊತೆಯಾದದ್ದು ಗಿರಕಿ ಎಂಬ ಬೂದುಬಣ್ಣದ ಬೆಕ್ಕು. ಬಿಚ್ಚಿಟ್ಟ ಗಡಿಯಾರಗಳ ನಡುವೆ ಒಂದು ಚಕ್ರವನ್ನೂ ಕದಲಿಸದೆ ಅವನ ಮೇಜಿನ ಮೇಲೆ ಮಲಗುತ್ತಿತ್ತು. ಮಗಳು ತನ್ನ ಗಂಡನನ್ನೂ ಅವನ ಮುದಿ ನಾಯಿಯನ್ನೂ ಕರೆದುಕೊಂಡು ಈ ಮನೆಗೇ ಇರಲು ಬಂದದ್ದೇ ತಡ, ಬೆಕ್ಕು ಪಕ್ಷ ಬದಲಾಯಿಸಿತು. ವ್ಯಾನ್ ಓಡಿಸುವ ಅಳಿಯ ಸಂಜೆ ಬಂದು ಸೋಫಾದಲ್ಲಿ ಬಿದ್ದುಕೊಂಡರೆ ಸಾಕು, ಅವನ ತೊಡೆಯೇರುತ್ತಿತ್ತು. ಹಾಲು ಹಾಕುವವನು ಮುದುಕ, ಗುರುಗುಟ್ಟುವುದು ಅಲ್ಲಿ.

ಮುದುಕ ಸುಮ್ಮನೆ ಕೂರುವ ಆಸಾಮಿಯಲ್ಲ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೆಲಸ ನಟಿಸುತ್ತ, ಇನ್ನೊಂದು ಕಣ್ಣಿನಿಂದ ಆ ತೊಡೆಯನ್ನೇ ಕಾಯುತ್ತಿದ್ದ. 'ನಿಮ್ಮ ಸೆಂಟಿಗೆ ಅದಕ್ಕೆ ಸೀನು ಬರ್ತಿದೆ, ಅಳಿಯಂದ್ರೇ' ಎಂದು ಒಂದು ದಿನ. 'ನಿಮ್ಮ ಪ್ಯಾಂಟಿನ ಡೀಸೆಲ್ಲು ನೆಕ್ಕಿದ್ರೆ ಸತ್ತೇ ಹೋಗತ್ತೆ' ಎಂದು ಇನ್ನೊಂದು ದಿನ. ಒಮ್ಮೆ ಬೆಕ್ಕು ಕೂದಲುಂಡೆ ಕಕ್ಕಿದ್ದಕ್ಕೆ ವಿಷ, ವಿಷ ಎಂದು ಕೂಗಾಡಿ ಮನೆಮಂದಿಯನ್ನೆಲ್ಲ ಪ್ರಾಣಿವೈದ್ಯೆಯ ಬಳಿಗೆ ಓಡಿಸಿದ್ದ. ವೈದ್ಯೆ ನಕ್ಕು ಕಳಿಸಿದ್ದಳು. 'ಅಪ್ಪ, ಇನ್ನೊಂದ್ಸಲ ಹೀಗೆ ಮಾಡಿದ್ರೆ ಸೂಜಿ ನಿನಗೇ ಚುಚ್ಚಿಸ್ತೀನಿ' ಎಂದಿದ್ದಳು ಮಗಳು.

ಅವತ್ತು ಅಳಿಯನಿಗೆ ರಜೆ, ಮಗಳು ಕೆಲಸಕ್ಕೆ ಹೋಗಿದ್ದಳು. ಮಧ್ಯಾಹ್ನ ಟಿವಿ ಮುಂದೆ ಕೂತವನ ತೊಡೆಯ ಮೇಲೆ, ಹೇಳಬೇಕೆ, ಗಿರಕಿ.

'ನೋಡಿ ಮಾವ, ಖುಷಿಗೆ ಮೈಯೆಲ್ಲ ನಡುಗ್ತಿದೆ ಇವಳಿಗೆ.'

ಮುದುಕನ ಹೊಟ್ಟೆಗೆ ಕೊಳ್ಳಿ ಇಟ್ಟ ಹಾಗಾಯಿತು. ಇಷ್ಟು ವರ್ಷದಲ್ಲಿ ಒಂದು ದಿನವೂ ಅದು ತನ್ನ ಕೈಯಲ್ಲಿ ಹೀಗೆ ನಡುಗಿರಲಿಲ್ಲ. ನೋಡಬಾರದು ಎಂದುಕೊಂಡೇ ನೋಡಿದ. ನೊಣ ಕೂರದಿದ್ದರೂ ಕಿವಿ ಪಟಪಟ ಬಡಿಯುತ್ತಿತ್ತು. ಬೆನ್ನಿನ ತೊಗಲು ತಾನಾಗಿ ಅಲೆಯೇಳುತ್ತಿತ್ತು. ನೀರು ತುಳಿದ ಹಾಗೆ ಹಿಂಗಾಲನ್ನು ಒದರುತ್ತಿತ್ತು. ಗದ್ದದಡಿ ಜೊಲ್ಲು. ಗುರುಗುಟ್ಟುವ ಸದ್ದಂತೂ ಇರಲೇ ಇಲ್ಲ.

'ಅದಕ್ಕೇನೋ ಆಗಿದೆ' ಎಂದ ಮುದುಕ.

'ಶುರುವಾಯ್ತು. ಆಗಿರೋದು ಅದಕ್ಕಲ್ಲ ಮಾವ, ನಿಮಗೆ. ಹೊಟ್ಟೆಕಿಚ್ಚು. ಮೊನ್ನೆ ಡೀಸೆಲ್ಲು, ಇವತ್ತೇನು, ಸಾಬೂನಾ?'

ಸುಳ್ಳು ಹೇಳಿ ಹೇಳಿ ಮುದುಕ ತನ್ನ ಮಾತನ್ನು ತಾನೇ ಕಾಸಿಗೂ ಕಡೆ ಮಾಡಿಟ್ಟಿದ್ದ. ವಾದ ಮಾಡಿ ಗೆಲ್ಲುವ ಹೊತ್ತಿಗೆ ಬೆಕ್ಕು ಉಳಿಯುವುದಿಲ್ಲ.

'ಹೌದಪ್ಪ, ಹೊಟ್ಟೆಕಿಚ್ಚೇ' ಎಂದ. 'ನೀನು ಬಂದಾಗಿಂದ ಉರೀತಿದೀನಿ. ಮಗಳನ್ನ ಕರ್ಕೊಂಡು ಹೋದಾಗ್ಲೂ ಇಷ್ಟು ಉರೀಲಿಲ್ಲ. ನೀನು ಅದನ್ನ ಸವರ್ತಾ ಟಿವಿ ನೋಡ್ತೀಯ. ನಾನು ಅದನ್ನ ಬಿಟ್ಟು ಬೇರೇನೂ ನೋಡಲ್ಲ. ನಿನ್ನ ಮೇಲೆ ಪ್ರೀತಿ ಬಂದಾಗ ಅದು ಹೇಗಿರತ್ತೆ ಅಂತ ನಿನಗಿಂತ ನಂಗೆ ಚೆನ್ನಾಗಿ ಗೊತ್ತು. ಇದು ಅದಲ್ಲ.'

ಅಳಿಯನ ಕೈ ನಿಂತಿತು. ಬೆಕ್ಕನ್ನು ಮೆಲ್ಲಗೆ ನೆಲಕ್ಕಿಳಿಸಿದ. ಗಿರಕಿ ಕುಡಿದವರ ಹಾಗೆ ತೂರಾಡಿ ಮಗ್ಗುಲಾಗಿ ಬಿತ್ತು.

ಮುದುಕ ಬಗ್ಗಿ ಮೂಸಿದ. ಕತ್ತಿನ ಹಿಂದೆ ಕೂದಲು ಎಣ್ಣೆ ಹಚ್ಚಿದಂತೆ ಅಂಟಿಕೊಂಡು ಘಾಟು ಬರುತ್ತಿತ್ತು. 'ಏನು ಹಚ್ಚಿದೀಯ ಇಲ್ಲಿ?'

'ಚಿಗಟಕ್ಕೆ ಕೆರ್ಕೊಳ್ತಿತ್ತು, ಪಾಪ. ನಾಯಿಗೆ ತಂದಿದ್ದ ಔಷಧಿನೇ ಬೆಳಿಗ್ಗೆ ಹಾಕ್ದೆ. ಅರ್ಧನೇ ಹಾಕಿದ್ದು ಮಾವ.'

ಫೋನಿನಲ್ಲಿ ವೈದ್ಯೆ ಈ ಸಲ ನಗಲಿಲ್ಲ. 'ನಾಯಿಗೆ ಹಾಕೋ ಆ ಔಷಧಿ ಬೆಕ್ಕಿಗೆ ವಿಷ. ಅರ್ಧ ಆದ್ರೂ ವಿಷಾನೇ. ಪಾತ್ರೆ ತೊಳೆಯೋ ಸೋಪು ಹಾಕಿ, ಉಗುರುಬೆಚ್ಚಗಿನ ನೀರಲ್ಲಿ ತೊಳೀರಿ. ನೆಕ್ಕೋಕೆ ಬಿಡಬೇಡಿ, ವಾಂತಿ ಮಾಡಿಸ್ಬೇಡಿ. ಒರೆಸಿ, ಬೆಚ್ಚಗೆ ಸುತ್ತಿ ತಕ್ಷಣ ತನ್ನಿ. ಔಷಧಿ ಪೊಟ್ಟಣಾನೂ ತನ್ನಿ.'

ಬಚ್ಚಲಲ್ಲಿ ಮಾವ ಹಿಡಿದ, ಅಳಿಯ ತೊಳೆದ.

'ನಾನೇ ಕೊಂದುಬಿಟ್ಟೆ ಮಾವ.'

'ಬಾಯಿ ಮುಚ್ಕೊಂಡು ನೀರು ಹಾಕು.'

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಆದ ಮೇಲೆ ಸೆಳೆತ ಇಳಿಯಿತು, ಪೂರ್ತಿ ನಿಲ್ಲಲಿಲ್ಲ. ವೈದ್ಯೆ ಹೊರಗೆ ಬಂದು, 'ಹೆದರಿಕೊಂಡ್ರೆ ನಡುಕ ಏರತ್ತೆ. ಅದಕ್ಕೆ ಯಾರ ಕೈ ಹಿತವೋ ಅವರೊಬ್ರು ಮಾತ್ರ ಬನ್ನಿ' ಎಂದಳು.

'ನೀವೇ ಹೋಗಿ' ಎಂದ ಅಳಿಯ ನೆಲ ನೋಡುತ್ತ. 'ಯಾವ ಮುಖ ಇಟ್ಕೊಂಡು ಹೋಗ್ಲಿ ನಾನು?'

ಮುದುಕ ಆಗಲೇ ಹೊಸ್ತಿಲಿನಾಚೆ ಒಂದು ಕಾಲಿಟ್ಟಿದ್ದ. ಕೊನೆಗೂ ಬೆಕ್ಕು ತನ್ನ ಪಾಲಿಗೆ ಬಂದಿತ್ತು. ಆದರೆ ಅವನು ಬಹಳ ದಿನ, ಬಹಳ ಚೆನ್ನಾಗಿ ನೋಡಿಬಿಟ್ಟಿದ್ದ. ಯಾರ ಅಂಗೈಯಡಿ ಆ ಉಸಿರು ನಿಧಾನವಾಗುತ್ತದೆಂದು ಅವನಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಎಷ್ಟು ಚೆನ್ನಾಗಿತ್ತು.

'ನೀನು ಹೋಗು' ಎಂದ.

'ಮಾವ...'

'ಹೋಗೋ. ನಾನು ಮನಸ್ಸು ಬದಲಾಯಿಸೋಕೆ ಮುಂಚೆ ಹೋಗು.'

ಗಾಜಿನಾಚೆ ಅಳಿಯ ಬೆಕ್ಕಿನ ಎಡಗಿವಿಯ ಹಿಂದೆ ಸವರುತ್ತಿದ್ದ. ಕಿವಿ ಬಡಿಯುತ್ತಲೇ ಇತ್ತು. ಮುದುಕ ಗಾಜು ಕುಟ್ಟಿ ತನ್ನ ಬಲಗಿವಿ ತೋರಿಸಿದ. ಬೆರಳು ಅತ್ತ ಸರಿಯಿತು. ಸುಮಾರು ಹೊತ್ತಿನ ಮೇಲೆ ಗಿರಕಿ ಗದ್ದವನ್ನು ಅವನ ಅಂಗೈಗೆ ಒರಗಿಸಿ ಕಣ್ಣು ಮುಚ್ಚಿತು, ಪಕ್ಕೆಗಳು ಒಂದೇ ಹದದಲ್ಲಿ ಏರಿಳಿಯತೊಡಗಿದವು. ವೈದ್ಯೆ ಮುದುಕನ ಕಡೆ ತಿರುಗಿ, ಪರವಾಗಿಲ್ಲ ಎಂಬಂತೆ ತಲೆಯಾಡಿಸಿದಳು.

ಸಮಾಧಾನಕ್ಕಿಂತ ಮೊದಲು ಅವನಿಗೆ ಹೊಟ್ಟೆಯೇ ಉರಿಯಿತು, ಹಿಂದೆಂದೂ ಉರಿಯದಷ್ಟು. ಕುರ್ಚಿಯೊಂದನ್ನು ಎಳೆದುಕೊಂಡು ಗಾಜಿಗೆ ಇನ್ನಷ್ಟು ಹತ್ತಿರ ಕೂತ.