ಹದಿನೇಳನೇ ನಂಬರಿನ ಕುರಿ

ವನದುರ್ಗದ ಅಂಬಣ್ಣ ಹೆತ್ತ ತಾಯಿಯನ್ನು ಮನೆಯೊಳಗೆ ಕೂಡಿಡಲು ಶಹಾಪುರದ ಬಜಾರಿನಿಂದ ಬೀಗ ತಂದ. ಅವನನ್ನು ಬೈಯುವವರು ಬೈಯಲಿ. ಆದರೆ ಬೈಯುವವರ ಪೈಕಿ ಒಬ್ಬರಾದರೂ ಒಂದು ಹಗಲು ಬಂದು ಶಂಕ್ರಮ್ಮನನ್ನು ಕಾಯ್ದುಕೊಂಡು ಕುಳಿತದ್ದನ್ನು ನಾನಂತೂ ಕಾಣೆ.

ಶಂಕ್ರಮ್ಮನಿಗೆ ಮರೆವಿನ ರೋಗ. ಮೊದಲು ಒಲೆಯ ಮೇಲೆ ಇಟ್ಟದ್ದನ್ನು ಮರೆತಳು, ಆಮೇಲೆ ಸೊಸೆ ಸರೋಜಾಳ ಹೆಸರು ಮರೆತಳು, ಕಡೆಗೆ ಇದ್ದೊಬ್ಬ ಮಗನ ಗುರುತೂ ಹತ್ತದಾಯಿತು. ಕೈಕಾಲು ಮಾತ್ರ ಗಟ್ಟಿ. ಅಂಬಣ್ಣ ಕುರಿ ಹೊಡೆದುಕೊಂಡು ಗುಡ್ಡಕ್ಕೆ, ಸರೋಜಾ ಹತ್ತಿ ಬಿಡಿಸಲು ಹೊಲಕ್ಕೆ ಹೋದರೆ ಸಾಕು, ಮುದುಕಿ ಎದ್ದು ಹೊರಟೇ ಬಿಡುತ್ತಿದ್ದಳು. ಒಂದು ಮಧ್ಯಾಹ್ನ ಕಾಲುವೆ ಕೆಳಗಿನ ಗದ್ದೆಯ ಜಲಾಲುದ್ದೀನ ಅವಳನ್ನು ಬೈಕಿನ ಹಿಂದೆ ಕೂಡಿಸಿಕೊಂಡು ಬಂದ. ಸೀರೆ ಮೊಣಕಾಲಿನ ತನಕ ನೆನೆದಿತ್ತು.

"ಅಂಬಣ್ಣಾ, ಇವತ್ತ ನಾ ನೋಡ್ದೆ, ನಡೀತು. ಕಾಲುವಿಗೆ ನೀರು ಬಿಟ್ಟಾರ. ಜರಾ ಕಾಲು ಜಾರಿದ್ರ ಹೆಣ ಸೈತ ಸಿಗಂಗಿಲ್ಲ ನೋಡು."

ಬೀಗ ಬಂದದ್ದು ಅದರ ಮರುದಿನ. ಸರೋಜಾ ತಡೆದಳು.

"ಕೀಲಿ ಹಾಕಿದ್ರ ಬಾಗ್ಲ ಬಡಿದು ಬಡಿದೇ ಸಾಯ್ತಾಳ್ರಿ. ಕುರಿ ಪಟ್ಟಿ ಒಂದು ಖಾಲಿ ಬಿದ್ದದಲ್ಲ, ಅದನ್ನ ಕಟ್ಟಿ ನೋಡೂಣು."

ಪಟ್ಟಿಯ ಸಂಗತಿ ಹೀಗೆ. ಶಹಾಪುರದಲ್ಲಿ ಹೊಸದಾಗಿ ತೆರೆದಿದ್ದ ಒಂದು ಕಂಪನಿ ಅಂಬಣ್ಣನ ಹಿಂಡಿಗೆ ಪರೀಕ್ಷೆಗೆಂದು ಕೊರಳಪಟ್ಟಿಗಳನ್ನು ಕೊಟ್ಟಿತ್ತು. ಪಟ್ಟಿಯಲ್ಲೊಂದು ಪುಟ್ಟ ಡಬ್ಬಿ. ಕುರಿ ಎಷ್ಟು ನಡೆಯಿತು, ಎಲ್ಲಿ ಮಲಗಿತು, ಮೆಲುಕು ಹಾಕಿತೋ ಇಲ್ಲವೋ, ಎಲ್ಲವೂ ಮೊಬೈಲಿಗೆ ಬರುತ್ತದೆ. ಮನುಷ್ಯರ ಕಷ್ಟ ಕೇಳಲು ಯಾರೂ ಬಾರದ ಓಣಿಗೆ ಕುರಿಯ ಮನಸ್ಸು ತಿಳಿಯುವ ಯಂತ್ರ ಬಂತು! ಇರಲಿ. ಹಿಂಡಿನಲ್ಲಿ ಬೀರಪ್ಪನಿಗೆ ಬಿಟ್ಟ ಟಗರೊಂದಿತ್ತು. ದೇವರ ಟಗರಿನ ಕೊರಳಿಗೆ ಹಗ್ಗವಾಗಲಿ ಪಟ್ಟಿಯಾಗಲಿ ಹಾಕುವಂತಿಲ್ಲ ಎನ್ನುವುದು ಆ ಮನೆಯ ನೇಮ. ಕಂಪನಿಯವರು ಅದಕ್ಕೂ ಒಂದು ಪಟ್ಟಿ ಬರೆದುಕೊಂಡಾಗ, ಅವರ ಜೊತೆ ವಾದ ಯಾಕೆಂದು ಅಂಬಣ್ಣ ಹೂಂ ಅಂದು, ಆ ಹದಿನೇಳನೇ ನಂಬರಿನ ಪಟ್ಟಿಯನ್ನು ಗೋಡೆಯ ಮಾಡದಲ್ಲಿ ಇಟ್ಟುಬಿಟ್ಟಿದ್ದ.

ಸರೋಜಾ ಅದನ್ನು ಅತ್ತೆಯ ಎಲೆಅಡಿಕೆ ಸಂಚಿಯೊಳಗೆ ಇಟ್ಟು ಹೊಲಿದಳು. ಸಂಚಿಯನ್ನು ಮುದುಕಿ ಸೊಂಟದಿಂದ ಬಿಚ್ಚುತ್ತಿರಲಿಲ್ಲ. ಅಂದಿನಿಂದ ಶಂಕ್ರಮ್ಮ ಊರು ದಾಟಿದರೆ ಗುಡ್ಡದ ಮೇಲೆ ಅಂಬಣ್ಣನ ಮೊಬೈಲು ಹೊಡೆದುಕೊಳ್ಳುತ್ತಿತ್ತು. ಅವನು ಹಿಂಡು ಬಿಟ್ಟು ಓಡುತ್ತಿದ್ದ. ಅವಳು ಎಲ್ಲಿ ಕೂತಿದ್ದಾಳೆ, ಯಾಕೆ ಕೂತಿದ್ದಾಳೆ ಎಂದು ನೋಡುವಷ್ಟು ತಾಳ್ಮೆ ಅವನಿಗೆಲ್ಲಿಯದು? ರಟ್ಟೆ ಹಿಡಿದು ಮನೆಗೆ ಎಳೆದು ತರುವುದು, ಮತ್ತೆ ಗುಡ್ಡಕ್ಕೆ ಓಡುವುದು. ಹಾಗೆ ಓಡಿದ ಒಂದು ದಿನ ತೋಳ ಬಂದು ಮರಿಯೊಂದನ್ನು ಹೊತ್ತುಕೊಂಡು ಹೋಯಿತು.

"ಸಾಕಾಯ್ತು. ನಾಳಿಂದ ಕೀಲಿನೇ," ಎಂದ ಅಂಬಣ್ಣ. ಈ ಸಲ ಸರೋಜಾ ಎದುರಾಡಲಿಲ್ಲ.

ಮರುದಿನ ಬೆಳಿಗ್ಗೆ ಅವನು ಬೀಗ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಾಗಲೇ ಕಂಪನಿಯ ಸುನಿತಾ ಸ್ಕೂಟಿಯ ಮೇಲೆ ಬಂದಳು. ಎದುರುಮನೆಯ ಕಟ್ಟೆಯ ಮೇಲೆ ಅವನ ಸೋದರತ್ತೆ ಯಂಕಮ್ಮ ಬಿಸಿಲು ಕಾಯಿಸಿಕೊಳ್ಳುತ್ತ ಕುಳಿತಿದ್ದಳು.

"ಅಂಬಣ್ಣಾರ, ಹದಿನೇಳನೇ ನಂಬರು ಟಗರು ಅಂತ ಹೇಳಿದ್ರಿ. ಇದು ಟಗರಲ್ಲ ಬಿಡ್ರಿ," ಎಂದು ಸುನಿತಾ ಮೊಬೈಲು ತೋರಿಸಿದಳು. "ಮೆಲುಕು ಹಾಕೂದಿಲ್ಲ, ಹಿಂಡಿನ ಜೋಡಿ ಇರೂದಿಲ್ಲ. ಹೊತ್ತು ಏರಿದ ಕೂಡ್ಲೆ ಕಾಲುವಿ ಕಡಿ ಒಂದೇ ಜಾಗಕ್ಕ ಹೋಗಿ ಕೂಡ್ತದ. ನೋಡ್ರಿ, ಎಲ್ಲಾ ಗೆರಿನೂ ಇಲ್ಲೇ ಬಂದು ನಿಂತಾವ."

ಅಂಬಣ್ಣ ಬೀಗವನ್ನು ಬೆನ್ನ ಹಿಂದೆ ಸರಿಸಿದ. "ಏನಾಗ್ಯದ್ರಿ ಅದಕ್ಕ?"

"ಮರಿ ಸತ್ತ ತಾಯಿಕುರಿ ಹಿಂಗ ಮಾಡ್ತದ್ರಿ. ಮರಿ ಎಲ್ಲಿ ಹೋಗಿತ್ತೋ ಅಲ್ಲೇ ಹೋಗಿ ಹೋಗಿ ಹುಡುಕ್ತದ. ಕಂಪ್ಯೂಟರ್ ಅದನ್ನೇ ಹೇಳ್ಯದ. ಕಟ್ಟಿ ಹಾಕಬ್ಯಾಡ್ರಿ, ಮೇವು ಬಿಟ್ಟುಬಿಡ್ತದ."

ಅಂಬಣ್ಣ ತಲೆ ತಗ್ಗಿಸಿದ. "ಅದು ಕುರಿ ಅಲ್ರಿ ಮೇಡಂ. ನಮ್ಮವ್ವ."

ಸುನಿತಾ ಒಳಗೆ ನೋಡಿದಳು. ಶಂಕ್ರಮ್ಮ ಸಂಚಿಯನ್ನು ಸೊಂಟಕ್ಕೆ ಸರಿಮಾಡಿಕೊಳ್ಳುತ್ತಿದ್ದಳು. ಹುಡುಗಿ ನಗಲಿಲ್ಲ, ಅದು ಅವಳ ದೊಡ್ಡತನ. "ಹಂಗಾದ್ರ ಕಂಪ್ಯೂಟರ್ ತಪ್ಪು ಹೇಳ್ಯದ್ರಿ," ಎಂದಳು ಮೆಲ್ಲಗೆ. "ಅದಕ್ಕ ಕುರಿ ಬಿಟ್ರ ಬ್ಯಾರೆ ಗೊತ್ತಿಲ್ಲ."

"ಹೌದ್ರಿ. ನಮ್ಮವ್ವಗ ನಾ ಒಬ್ಬನೇ ಮಗ. ಯಾವ ಕೂಸೂ ಸತ್ತಿಲ್ಲ."

"ತಪ್ಪು ಹೇಳಿಲ್ಲ," ಎಂದಳು ಕಟ್ಟೆಯ ಮೇಲಿನ ಯಂಕಮ್ಮ.

ಇಬ್ಬರೂ ತಿರುಗಿ ನೋಡಿದರು.

"ನಿನಕಿಂತ ಮೊದ್ಲು ಒಂದು ಹೆಣ್ಣು ಕೂಸು ಆಗಿತ್ತೋ ಅಂಬಣ್ಣಾ. ಆಗ ಕಾಲುವಿ ಎಲ್ಲೀದು, ಎಲ್ಲಾ ಬೀಳು ಹೊಲ. ಗೊಬ್ಬರಕ್ಕಂತ ಅಲ್ಲಿ ಕುರಿ ನಿಲ್ಸಿದ್ವಿ. ಹೆಸರಿಡೂ ಮೊದ್ಲೇ ಜ್ವರ ಬಂದು ಹೋಯ್ತು. ಅಲ್ಲೇ ಮೂಲ್ಯಾಗ ಮಣ್ಣು ಮಾಡಿದ್ವಿ. ಮುಂದಿನ ಹೊಲದವ ಕುರಿಗೆ ಕಾಯಾಕತ್ತಿದ್ದ, ಮರುದಿನಾನೇ ಹಿಂಡು ಎಬ್ಬಿಸಿದ್ವಿ. ಹೆಸರಿಲ್ಲದ ಕೂಸಿಗೆ ಅಳಬಾರ್ದು ಅಂತ ನಮ್ಮವ್ವ ನಿಮ್ಮವ್ವನ ಬಾಯಿ ಮುಚ್ಚಿಸಿದ್ಳು. ತಿರುಗಿ ನೋಡಾಕ ಸೈತ ಬಿಡ್ಲಿಲ್ಲ ನಾವು. ಹಿಂಡಿನ ಹಿಂದ ಸುಮ್ನ ನಡದ್ಳು. ಅವತ್ತಿನಿಂದ ಆ ಮಾತು ಯಾರೂ ಎತ್ತಿಲ್ಲ."

ಅಷ್ಟರಲ್ಲಿ ಶಂಕ್ರಮ್ಮ ಹೊಸ್ತಿಲು ದಾಟಿ ಅವರ ನಡುವಿನಿಂದಲೇ ಹಾದು ಹೋದಳು. ಯಾರೂ ತಡೆಯಲಿಲ್ಲ. ಅಂಬಣ್ಣ ಬೀಗವನ್ನು ಕಟ್ಟೆಯ ಮೇಲಿಟ್ಟು ಅವಳ ಹಿಂದೆ ನಡೆದ. ದೊಡ್ಡಿಯಲ್ಲಿ ಕುರಿಗಳು ಒಂದೇ ಸವನೆ ಅರಚುತ್ತಿದ್ದವು.

ಅವಳು ಎಲ್ಲೂ ತಡವರಿಸಲಿಲ್ಲ. ಕಾಲುವೆಯ ದಂಡೆ ಹಿಡಿದು, ಜಲಾಲುದ್ದೀನನ ಗದ್ದೆಯ ಮೂಲೆಗೆ ಬಂದು, ಬದುವಿನ ಮೇಲೆ ಕುಳಿತಳು. ಹಸಿ ಮಣ್ಣಿನ ಮೇಲೆ ಅಂಗೈ ಇಟ್ಟು ಮೆಲ್ಲಗೆ ತಟ್ಟತೊಡಗಿದಳು.

"ಅವ್ವಾ," ಎಂದ ಅಂಬಣ್ಣ.

"ಸಾವಕಾಶ ಮಾತಾಡಪ್ಪಾ. ಕೂಸಿಗೆ ಈಗಷ್ಟ ಕಣ್ಣು ಹತ್ಯದ."

ಅಂಬಣ್ಣ ಹೆಗಲ ಮೇಲಿನ ವಲ್ಲಿಯನ್ನು ಬಾಯಿಗೆ ಒತ್ತಿಕೊಂಡು ಅತ್ತ. ಅವಳ ರಟ್ಟೆ ಹಿಡಿದು ಇಲ್ಲಿಂದ ಎಳೆದುಕೊಂಡು ಹೋದ ಒಂದೊಂದು ದಿನವೂ ಅವನಿಗೆ ನೆನಪಾಯಿತು. ಶಂಕ್ರಮ್ಮ ಅವನ ಮುಖವನ್ನೇ ನೋಡಿದಳು. ಅವಳ ಕಣ್ಣಿನಲ್ಲಿ ಗಾಬರಿ ಕಂಡಿತು. ಕೈ ಮಣ್ಣನ್ನು ಗಟ್ಟಿಯಾಗಿ ಹಿಡಿಯಿತು.

"ಹಿಂಡು ಎಬ್ಬಿಸಾಕ ಬಂದೀಯೇನು?"

"ಇಲ್ಲವ್ವಾ," ಎಂದ. "ಹಿಂಡು ಎಬ್ಬಿಸೂದಿಲ್ಲ. ಎಷ್ಟೊತ್ತು ಬೇಕು ಅಷ್ಟೊತ್ತು ಕೂಡು."

ಹೀಗೆಂದು ಅವನು ನೀರಿನ ಕಡೆಗೆ ಹೋಗಿ, ಕಾಲುವೆಗೂ ಅವಳಿಗೂ ನಡುವೆ ಕುಳಿತುಕೊಂಡ.