ಕೊನೆಯವರ ಕೈಗೆ ಬರುವ ನೀರು

ಶೀರೆ ನದಿ ದಂಡೆಯ ಆ ಊರಿನಲ್ಲಿ ಹದಿನೈದು ದಿನದಲ್ಲಿ ಇದು ಮೂರನೇ ಸಾವು. ಈ ಸಲ ಹೋದವನು ನಾಂಬೇವೆ ಅಜ್ಜಿಯ ಸ್ವಂತ ತಮ್ಮ. ವಾಂತಿ ಭೇದಿ ಶುರುವಾದದ್ದು ಭಾನುವಾರ, ಆಸ್ಪತ್ರೆಯವರು ಹಾಕಿದ್ದ ಕಾಲರಾ ಡೇರೆಗೆ ಹೊತ್ತುಕೊಂಡು ಹೋದದ್ದು ಮಂಗಳವಾರ. ಅಷ್ಟರಲ್ಲಿ ಅವನ ಕಣ್ಣು ಒಳಗೆ ಹೂತುಹೋಗಿತ್ತು.

ಮಣ್ಣು ಮಾಡಿ ಬಂದ ಮೇಲೆ ಹೆಂಗಸರೆಲ್ಲ ಅಂಗಳದ ಚಾಪೆಯ ಮೇಲೆ ಊಟಕ್ಕೆ ಕೂತರು. ಮೆಕ್ಕೆಜೋಳದ ಹಿಟ್ಟಿನ ಬಿಸಿಬಿಸಿ ನ್ಸಿಮಾ ಮುದ್ದೆ, ಕಾಳಿನ ಸಾರು. ಅಜ್ಜಿಯ ಸೊಸೆ ಎಲುಬೆ ನೀರು ತುಂಬಿದ ಬೋಗುಣಿಯನ್ನು ತಂದು ಅತ್ತೆಯ ಮುಂದೆ ಮಂಡಿಯೂರಿದಳು. ಹಿರಿಯರು ಮೊದಲು ಕೈ ಅದ್ದಬೇಕು, ಆಮೇಲೆ ವಯಸ್ಸಿನ ಪ್ರಕಾರ ಉಳಿದವರು. ಎಲ್ಲರಿಗೂ ಅದೇ ನೀರು.

ಆರೋಗ್ಯ ಕಾರ್ಯಕರ್ತೆ ತಮಂಡಾ ಅಜ್ಜಿಯ ಪಕ್ಕಕ್ಕೆ ಬಂದು ಕೂತಳು.

"ಅಜ್ಜಿ, ಒಂದೇ ಬೋಗುಣಿಲಿ ಎಲ್ರೂ ಕೈ ಅದ್ದೋದು ಬೇಡ. ಜಗ್ಗಿಂದ ಒಬ್ಬೊಬ್ಬರ ಕೈಗೂ ನೀರು ಹುಯ್ಯೋಣ. ಸೋಪು ನಾನು ತಂದಿದೀನಿ."

ಅಜ್ಜಿಗೆ ಮೈಯೆಲ್ಲ ಉರಿದುಹೋಯಿತು. "ಏನೇ ಹುಡುಗಿ, ಸಾವಿನ ಮನೆಗೆ ಬಂದೋರಿಗೆ ನಿಮ್ಮ ಕೈ ಕೊಳಕು ಅಂತ ಹೇಳ್ಬೇಕಾ? ಒಂದೇ ನೀರಲ್ಲಿ ಕೈ ತೊಳೆದ್ರೆ ನಮ್ಮೋರು. ಬೇರೆ ನೀರು ಕೊಟ್ರೆ ಎದ್ದು ಹೋಗಿ ಅಂದಂಗೆ."

"ಕಾಲರಾ ನಮ್ಮೋರು ಬೇರೆಯೋರು ಅಂತ ನೋಡಲ್ಲ ಅಜ್ಜಿ."

"ಸಾಕು ಸುಮ್ನಿರು! ನಿಮ್ಮ ಡೇರೆಗೆ ಹೋದ ನನ್ನ ತಮ್ಮ ವಾಪಸ್ ಬಂದ್ನಾ?"

ತಮಂಡಾ ಮೆಲ್ಲಗೆ ಹೇಳಿದಳು: "ಎರಡು ದಿನ ತಡ ಆಯ್ತು ಅಜ್ಜಿ. ಭೇದಿ ಶುರುವಾದ ದಿನಾನೇ ಬಂದ ಏಳು ಜನ ತಾವೇ ನಡ್ಕೊಂಡು ಮನೆಗೆ ಹೋದ್ರು."

ಅಜ್ಜಿ ಹಟಕ್ಕೆ ಬಿದ್ದವಳಂತೆ ಬೋಗುಣಿಯಲ್ಲಿ ಕೈ ಅದ್ದಿ ಮುಂದಕ್ಕೆ ತಳ್ಳಿದಳು. ಹನ್ನೊಂದು ಜನ ಅದ್ದಿದರು. ಅವರಲ್ಲಿ ಇಬ್ಬರು ಸತ್ತವನ ಆರೈಕೆ ಮಾಡಿದವರು, ಒಬ್ಬಳು ಅವನ ಬಟ್ಟೆ ಒಗೆದವಳು. ನೀರು ಬೂದಿ ಬಣ್ಣಕ್ಕೆ ತಿರುಗಿತು. ಎಲ್ಲರಿಗಿಂತ ಚಿಕ್ಕವಳಾದ ಎಲುಬೆಯ ಸರದಿ ಕೊನೆಗೆ ಬಂತು. ಅವಳೂ ಕೈ ಅದ್ದಿ, ಒಂದು ತುತ್ತು ಮುದ್ದೆ ಮುರಿದು, ತೊಡೆಯ ಮೇಲಿದ್ದ ಎರಡು ವರ್ಷದ ಮಗ ಯಾಂಖೋನ ಬಾಯಿಗೆ ಒಯ್ದಳು.

"ಅಜ್ಜಿ, ಈ ಬೋಗುಣಿ ನೀರನ್ನ ಮೊಮ್ಮಗನಿಗೆ ಕುಡಿಸ್ತೀರಾ?" ಎಂದಳು ತಮಂಡಾ.

"ಥೂ! ಬಾಯಲ್ಲಿ ಒಳ್ಳೆ ಮಾತು ಬರಲ್ವಾ ನಿಂಗೆ?"

"ಮತ್ತೆ ಆ ಕೈ ಎಲ್ಲಿಗೆ ಹೋಗ್ತಿದೆ ನೋಡಿ."

ಅಜ್ಜಿ ನೋಡಿದಳು. ಚಂಗನೆ ಮುಂದಕ್ಕೆ ಬಾಗಿ ಸೊಸೆಯ ಮಣಿಕಟ್ಟು ಹಿಡಿದುಕೊಂಡಳು. ಇಷ್ಟು ವರ್ಷ ತಿಳಿ ನೀರು ತನಗೆ ಮೊದಲು ಬರುವುದನ್ನೇ ಮರ್ಯಾದೆ ಅಂದುಕೊಂಡಿದ್ದಳು. ಕೊನೆಯವರಿಗೆ ಏನು ಸಿಗುತ್ತದೆ ಎಂದು ಒಮ್ಮೆಯೂ ಬಗ್ಗಿ ನೋಡಿರಲಿಲ್ಲ. ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು.

"ಆ ನೀರನ್ನ ಕಕ್ಕಸು ಗುಂಡಿಗೆ ಚೆಲ್ಲಿ. ಜಗ್ ಕೊಡಿ ಇಲ್ಲಿ."

ಅಜ್ಜಿ ಕಷ್ಟಪಟ್ಟು ಸೊಸೆಯ ಎದುರು ಮಂಡಿಯೂರಿದಳು. ಹೆಂಗಸರು ಮುಖ ಮುಖ ನೋಡಿಕೊಂಡರು.

"ಅಯ್ಯೋ, ಅತ್ತೆ ಸೊಸೆ ಮುಂದೆ ಮಂಡಿ ಊರೋದಾ!"

"ಹೂಂ ಕಣೆ, ಊರ್ತೀನಿ. ಮಗೂಗೆ ಉಣ್ಣಿಸೋ ಕೈ ಇದು. ಎಲುಬೆ, ಸರಿಯಾಗಿ ಉಜ್ಜು. ಬೆರಳ ಸಂದಿ, ಉಗುರು, ಎಲ್ಲಾ."

"ಐದು ಊರಿಗೆ ನಾನೊಬ್ಬಳೇ ಅಜ್ಜಿ," ಎಂದಳು ತಮಂಡಾ. "ಪ್ರತಿ ಊಟಕ್ಕೂ ಬರೋಕಾಗಲ್ಲ."

"ನೀನು ಬರದಿದ್ರೂ ಸೋಪು ಇರತ್ತೆ, ಹೋಗು." ಅಜ್ಜಿ ಜಗ್ ಹಿಡಿದು ಮುಂದಿನವಳ ಕಡೆ ತಿರುಗಿದಳು. "ಕೈ ಚಾಚಮ್ಮಾ. ಕೊಳಕು ಅಂತಲ್ಲ. ತಮ್ಮನ್ನ ಕಳ್ಕೊಂಡೆ, ನಿನ್ನನ್ನೂ ಕಳ್ಕೊಳ್ಳೋಕೆ ನಂಗೆ ಶಕ್ತಿ ಇಲ್ಲ."

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಕೈಗೆ ನೀರು ಹುಯ್ದುಕೊಂಡು ಸೋಪು ಹಚ್ಚಿ ತೊಳೆಯಿರಿ. ಕುಡಿಯುವ ನೀರನ್ನು ಕುದಿಸಿ. ಭೇದಿ ಶುರುವಾದರೆ ಓಆರ್‌ಎಸ್ ಕುಡಿಸುತ್ತಲೇ ಆಸ್ಪತ್ರೆಗೆ ಹೊರಡಿ. ನಾಳೆ ನೋಡೋಣ ಎನ್ನಬೇಡಿ. ನಿಮ್ಮೂರಿಗೆ ಬರುವ ಆರೋಗ್ಯ ಕಾರ್ಯಕರ್ತೆಯ ಮಾತಿಗೆ ಎರಡು ನಿಮಿಷ ಕಿವಿಗೊಡಿ. ಇವತ್ತು ರಾತ್ರಿ ಊಟಕ್ಕೆ ಕೂರುವಾಗ, ನಿಮ್ಮ ಮನೆಯಲ್ಲಿ ಕೊನೆಗೆ ಕೈ ತೊಳೆಯುವವರು ಯಾರು ಎಂದು ನೋಡಿ. ಅವರ ಕೈಗೆ ನೀವೇ ನೀರು ಹುಯ್ಯಿರಿ.